ಸರ್ಕಾರಿ ಶಾಲೆಗಳಲ್ಲಿ ಸಮರ್ಥ ಶಿಕ್ಷಕರ ಉಳಿಕೆ

ಚೆನ್ನಾಗಿ ಕಲಿಸುವ ಶಿಕ್ಷಕರು ಸರ್ಕಾರಿ ಶಾಲೆಯೊಂದರಲ್ಲಿ, ಅದೇ ಊರಿನ ಮಕ್ಕಳ ನಡುವೆ, ಕಲಿಕೆ ಬೇರು ಬಿಡುವಷ್ಟು ಕಾಲ ನಿಲ್ಲುವಂತೆ ನೋಡಿಕೊಳ್ಳುವುದಕ್ಕೆ ಶಿಕ್ಷಕರ ಉಳಿಕೆ ಎನ್ನಬಹುದು. ಅಮೆರಿಕದಲ್ಲಿ ಈ ವಿಷಯ ಚರ್ಚೆಗೆ ಬಂದಾಗ ಮಾತು ಬಹುಮಟ್ಟಿಗೆ ವೃತ್ತಿಯನ್ನೇ ಬಿಟ್ಟು ಹೋಗುವವರ ಬಗ್ಗೆ ಇರುತ್ತದೆ. ಕರ್ನಾಟಕದಲ್ಲಿ ಅದೇ ಪ್ರಶ್ನೆಯ ಸ್ವರೂಪ ಬೇರೆ. ಡಿ.ಇಡಿ., ಬಿ.ಇಡಿ. ಮುಗಿಸಿ, ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ದಾಟಿ, ವರ್ಷಗಟ್ಟಲೆ ಕಾದು ಪಡೆದ ಸರ್ಕಾರಿ ಹುದ್ದೆಯನ್ನು ಕೈಬಿಡುವವರು ಕಡಿಮೆ. ಗ್ರಾಮಾಂತರದ ಖಾಸಗಿ ಶಾಲೆ ಕೊಡುವ ಸಂಬಳಕ್ಕೂ ಸರ್ಕಾರದ ವೇತನಶ್ರೇಣಿಗೂ ಇರುವ ಅಂತರವೇ ಅದಕ್ಕೆ ಸಾಕಷ್ಟು ಕಾರಣ. ಇಲ್ಲಿ ಶಿಕ್ಷಕರು ನೌಕರಿ ಬಿಡುವುದಿಲ್ಲ, ಶಾಲೆ ಬಿಡುತ್ತಾರೆ. ಕೆಲವೊಮ್ಮೆ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರು ಉಳಿದಿರುವಾಗಲೇ ತರಗತಿ ಬಿಟ್ಟಿರುತ್ತಾರೆ. ಆದ್ದರಿಂದ ಈ ರಾಜ್ಯದಲ್ಲಿ ಶಿಕ್ಷಕರ ಉಳಿಕೆಯನ್ನು ಇಲಾಖೆಯ ಮಟ್ಟದಲ್ಲಿ ಅಳೆದರೆ ಏನೂ ತಿಳಿಯುವುದಿಲ್ಲ. ಅಳೆಯಬೇಕಾದದ್ದು ಶಾಲೆಯ ಮಟ್ಟದಲ್ಲಿ, ಇನ್ನೂ ಸರಿಯಾಗಿ ಹೇಳುವುದಾದರೆ ತರಗತಿ ಕೋಣೆಯ ಮಟ್ಟದಲ್ಲಿ. ಹಾಗೆ ನೋಡಿದಾಗ ಸಂಬಳಕ್ಕಿಂತ ವರ್ಗಾವಣೆ, ನಿಯೋಜನೆ, ಅನ್ಯ ಕರ್ತವ್ಯ ಮತ್ತು ಸ್ಥಳೀಯ ನೇಮಕಾತಿ ಹೆಚ್ಚು ನಿರ್ಣಾಯಕ ಎಂಬುದು ಈ ಲೇಖನದ ನಿಲುವು.

ಶಿಕ್ಷಕರು ಬದಲಾದರೆ ಮಕ್ಕಳಿಗೆ ನಷ್ಟವೇ ಎಂಬುದು ಮೊದಲು ಉತ್ತರಿಸಬೇಕಾದ ಪ್ರಶ್ನೆ. ಒಬ್ಬ ಒಳ್ಳೆಯ ಶಿಕ್ಷಕಿ ಹೋದ ಜಾಗಕ್ಕೆ ಇನ್ನೊಬ್ಬ ಒಳ್ಳೆಯ ಶಿಕ್ಷಕಿ ಬಂದರೆ ಲೆಕ್ಕ ಸರಿಹೋಗಬೇಕಲ್ಲ? ನ್ಯೂಯಾರ್ಕ್ ನಗರದ ಸಾರ್ವಜನಿಕ ಶಾಲೆಗಳ 4 ಮತ್ತು 5ನೇ ತರಗತಿಯ ಮಕ್ಕಳ ಎಂಟು ವರ್ಷಗಳ ಅಂಕಗಳನ್ನು ಇಟ್ಟುಕೊಂಡು ಮ್ಯಾಥ್ಯೂ ರಾನ್‌ಫೆಲ್ಟ್, ಸುಸಾನಾ ಲೋಬ್ ಮತ್ತು ಜೇಮ್ಸ್ ವೈಕಾಫ್ 2013ರಲ್ಲಿ ಪ್ರಕಟಿಸಿದ ಅಧ್ಯಯನ ಈ ಲೆಕ್ಕ ಸರಿಹೋಗುವುದಿಲ್ಲವೆಂದು ತೋರಿಸಿತು. ಶಿಕ್ಷಕರು ಹೆಚ್ಚು ಬದಲಾದ ತರಗತಿಗಳಲ್ಲಿ ಭಾಷೆ, ಗಣಿತ ಎರಡರಲ್ಲೂ ಮಕ್ಕಳು ಹಿಂದೆ ಬಿದ್ದರು. ಮೊದಲೇ ಹಿಂದಿದ್ದ ಮಕ್ಕಳು ಮತ್ತು ಕಪ್ಪು ಜನಾಂಗದ ಮಕ್ಕಳು ಹೆಚ್ಚಿರುವ ಶಾಲೆಗಳಲ್ಲಿ ಪೆಟ್ಟು ಇನ್ನೂ ಜೋರಾಗಿತ್ತು. ಆ ಅಧ್ಯಯನದ ನಿಜವಾದ ತೂಕ ಇರುವುದು ಇನ್ನೊಂದು ಮಾತಿನಲ್ಲಿ: ತಮ್ಮ ಶಿಕ್ಷಕರು ಎಲ್ಲೂ ಹೋಗದೆ ಅಲ್ಲೇ ಉಳಿದಿದ್ದ ಮಕ್ಕಳಿಗೂ, ಪಕ್ಕದ ಕೋಣೆಯ ಶಿಕ್ಷಕರು ಬದಲಾದ ಪೆಟ್ಟು ತಟ್ಟಿತ್ತು. ಅಂದರೆ ಹೋದವರೊಡನೆ ಅವರ ಕೌಶಲವಷ್ಟೇ ಅಲ್ಲ, ಆ ಶಾಲೆಯ ಬಗ್ಗೆ ಕೂಡಿಬಂದಿದ್ದ ತಿಳಿವಳಿಕೆಯೂ ಹೋಗುತ್ತದೆ. ಯಾವ ಮಗುವಿನ ಅಪ್ಪ ಗುಳೆ ಹೋಗಿದ್ದಾನೆ, ಯಾರ ಮನೆಯಲ್ಲಿ ತೆಲುಗು ಅಥವಾ ಲಂಬಾಣಿ ಮಾತಾಡುತ್ತಾರೆ, ಯಾವ ಹುಡುಗಿ ಸುಗ್ಗಿಯ ತಿಂಗಳಲ್ಲಿ ತಪ್ಪಿಸಿಕೊಳ್ಳುತ್ತಾಳೆ ಎಂಬುದು ಯಾವ ಪ್ರಭಾರ ಪಟ್ಟಿಯಲ್ಲೂ ಹಸ್ತಾಂತರವಾಗುವುದಿಲ್ಲ.

ಕರ್ನಾಟಕದ ಕಿರಿಯ ತರಗತಿಗಳ ನಲಿ-ಕಲಿ ಕೋಣೆಯನ್ನು ಹತ್ತಿರದಿಂದ ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಆಂಧ್ರದ ರಿಷಿವ್ಯಾಲಿ ಶಾಲೆಯ ಪ್ರಯೋಗದಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನಲ್ಲಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರೇ ರೂಪಿಸಿದ ಈ ಪದ್ಧತಿ 2009-10ರಲ್ಲಿ ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ಹರಡಿತು. ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ತಟ್ಟೆ ಎಂದು ಕರೆಯುವ ಗುಂಪುಗಳಾಗಿ ನೆಲದ ಮೇಲೆ ಕೂರುತ್ತಾರೆ. ಒಂದು ತಟ್ಟೆಗೆ ಶಿಕ್ಷಕರ ಪೂರ್ಣ ಬೆಂಬಲ, ಇನ್ನೊಂದಕ್ಕೆ ಗೆಳೆಯರ ಬೆಂಬಲ, ಮತ್ತೊಂದರಲ್ಲಿ ಸ್ವಕಲಿಕೆ. ತಲೆಯ ಮೇಲೆ ಎಳೆದ ದಾರದ ಚಪ್ಪರದಲ್ಲಿ ಮಕ್ಕಳು ಬಿಡಿಸಿದ ಹಾಳೆಗಳು ತೂಗುತ್ತಿರುತ್ತವೆ. ಪಾಠಗಳನ್ನು ಮೆಟ್ಟಿಲುಗಳಾಗಿ ಜೋಡಿಸಿದ ಕಲಿಕಾ ಏಣಿಯಲ್ಲಿ ಒಂದೊಂದು ಮಗುವೂ ಒಂದೊಂದು ಮೆಟ್ಟಿಲಿನಲ್ಲಿರುತ್ತದೆ. ಇಂಥ ಕೋಣೆಯನ್ನು ನಡೆಸುವುದು ತರಬೇತಿಯ ಕೆಲವು ದಿನಗಳಲ್ಲಿ ಕೈಗೆ ಹತ್ತುವ ವಿದ್ಯೆಯಲ್ಲ. ಯಾವ ಮಗುವನ್ನು ಇಂದು ಯಾವ ತಟ್ಟೆಗೆ ಕೂರಿಸಬೇಕು ಎನ್ನುವುದನ್ನು ಶಿಕ್ಷಕಿ ಪ್ರಗತಿನೋಟದ ಪಟ್ಟಿಗಿಂತ ಹೆಚ್ಚಾಗಿ ತನ್ನ ನೆನಪಿನಿಂದ ನಿರ್ಧರಿಸುತ್ತಾಳೆ. ವರ್ಷದ ನಡುವೆ ಆಕೆ ಹೊರಟುಹೋಗಿ, ನಲಿ-ಕಲಿ ತರಬೇತಿಯೇ ಆಗದ ಇನ್ನೊಬ್ಬರು ಬಂದರೆ ಕಲಿಕಾ ಕಾರ್ಡುಗಳು ಬೀರುವಿನಲ್ಲಿ ಉಳಿಯುತ್ತವೆ, ಏಣಿ ಗೋಡೆಯ ಮೇಲೆ ಉಳಿಯುತ್ತದೆ, ಪದ್ಧತಿ ಮಾತ್ರ ಉಳಿಯುವುದಿಲ್ಲ. ಮಕ್ಕಳು ಸಾಲಾಗಿ ಕೂತು ಹಲಗೆಯ ಮೇಲಿನದನ್ನು ನಕಲು ಮಾಡತೊಡಗುತ್ತಾರೆ. ಒಂದು ಪದ್ಧತಿ ವಿಫಲವಾಯಿತೆಂದು ನಾವು ಷರಾ ಬರೆಯುವ ಎಷ್ಟೋ ಕಡೆ ವಿಫಲವಾದದ್ದು ಪದ್ಧತಿಯಲ್ಲ, ನಿರಂತರತೆ.

ವರ್ಗಾವಣೆಯ ವಿಷಯದಲ್ಲಿ ಕರ್ನಾಟಕಕ್ಕೆ ಸಲ್ಲಬೇಕಾದ ಮನ್ನಣೆಯನ್ನು ಮೊದಲು ಸಲ್ಲಿಸಬೇಕು. ದೇಶದ ಅನೇಕ ರಾಜ್ಯಗಳಲ್ಲಿ ಶಿಕ್ಷಕರ ವರ್ಗಾವಣೆ ಎಂದರೆ ಶಾಸಕರ ಪತ್ರ, ಶಿಫಾರಸು, ಕೈಬಿಸಿ. ಇಲ್ಲಿಯೂ ಅದೇ ನಡೆಯುತ್ತಿತ್ತು. 2007ರ ಶಿಕ್ಷಕರ ವರ್ಗಾವಣೆ ನಿಯಂತ್ರಣ ಕಾಯ್ದೆ ಆ ವ್ಯವಹಾರವನ್ನು ಬಹುಮಟ್ಟಿಗೆ ಗಣಕೀಕೃತ ಕೌನ್ಸೆಲಿಂಗ್‌ಗೆ ಒಪ್ಪಿಸಿತು. ಶಾಲೆಗಳನ್ನು ಎ, ಬಿ, ಸಿ ಎಂದು ಮೂರು ವಲಯಗಳಾಗಿ ವಿಂಗಡಿಸಿ, ಪಟ್ಟಣದಿಂದ ದೂರವಿರುವ ಸಿ ವಲಯದಲ್ಲಿ ದುಡಿದವರಿಗೆ ಆದ್ಯತೆ ಕೊಟ್ಟಿತು. ಹೊಸದಾಗಿ ನೇಮಕವಾದವರನ್ನು ಮೊದಲು ಅಲ್ಲಿಗೇ ಕಳಿಸಿತು. ವಿಮಲಾ ರಾಮಚಂದ್ರನ್ ಅವರ ನೇತೃತ್ವದಲ್ಲಿ ಒಂಬತ್ತು ರಾಜ್ಯಗಳ ಶಿಕ್ಷಕರ ಸೇವಾ ಸ್ಥಿತಿಯನ್ನು ಪರಿಶೀಲಿಸಿದ ಅಧ್ಯಯನದಲ್ಲಿ ಕರ್ನಾಟಕವೂ ಇತ್ತು. ನಿಯಮಬದ್ಧ ವರ್ಗಾವಣೆಗೆ ಈ ರಾಜ್ಯವನ್ನು ಉದಾಹರಿಸುವುದು ಅಂದಿನಿಂದ ರೂಢಿಯಾಗಿದೆ. ಯಾರ ಬಾಗಿಲೂ ತಟ್ಟದೆ, ಯಾರ ಕೈಯನ್ನೂ ಬಿಸಿ ಮಾಡದೆ ಊರು ಬದಲಾಯಿಸಬಹುದು ಎನ್ನುವುದು ಸಾಮಾನ್ಯ ಶಿಕ್ಷಕಿಯ ಪಾಲಿಗೆ ಸಣ್ಣ ಸಂಗತಿಯಲ್ಲ.

ಆದರೆ ಆ ಕೌನ್ಸೆಲಿಂಗ್ ನಡೆಯುವ ಬಗೆಯನ್ನು ಒಮ್ಮೆ ಗಮನಿಸಿ. ಪರದೆಯ ಮೇಲೆ ಖಾಲಿ ಹುದ್ದೆಗಳ ಪಟ್ಟಿ ಇರುತ್ತದೆ. ಆದ್ಯತಾ ಸಂಖ್ಯೆಯ ಪ್ರಕಾರ ಒಬ್ಬೊಬ್ಬರನ್ನೇ ಕರೆಯುತ್ತಾರೆ. ಬಂದವರು ಶಾಲೆಯೊಂದನ್ನು ಆರಿಸಿಕೊಂಡೊಡನೆ ಅವರು ಬಿಟ್ಟುಬಂದ ಜಾಗ ಖಾಲಿ ಎಂದು ತೆರೆದುಕೊಳ್ಳುತ್ತದೆ, ಮುಂದಿನವರು ಅದನ್ನು ಆರಿಸಬಹುದು. ಗಂಡ-ಹೆಂಡತಿ ಇಬ್ಬರೂ ನೌಕರರಾಗಿರುವ ಪ್ರಕರಣ, ಗಂಭೀರ ಕಾಯಿಲೆ, ಅಂಗವೈಕಲ್ಯ, ವಿಧವೆಯರು, ನಿವೃತ್ತಿಗೆ ಹತ್ತಿರವಿರುವವರು ಎಂದು ಶಿಕ್ಷಕರ ಬದುಕಿನ ಕಷ್ಟಗಳಿಗೆಲ್ಲ ಅಲ್ಲಿ ಒಂದೊಂದು ಕಲಂ ಇದೆ. ಬಿಟ್ಟುಹೋಗುತ್ತಿರುವ ಶಾಲೆಯ ಮಕ್ಕಳಿಗೆ ಮಾತ್ರ ಕಲಂ ಇಲ್ಲ. ಖಾಲಿ ಹುದ್ದೆ ಒಂದು ಮಿತಿ ಮೀರಿದ ತಾಲ್ಲೂಕಿನಿಂದ ಹೊರಗೆ ಬಿಡಬಾರದು ಎಂಬ ತಡೆ ಇದೆ ನಿಜ. ಅದು ತಾಲ್ಲೂಕಿನ ಒಟ್ಟು ಸಂಖ್ಯೆಯನ್ನು ಕಾಯುತ್ತದೆಯೇ ಹೊರತು ಒಂದು ಶಾಲೆಯ ನಿರಂತರತೆಯನ್ನಲ್ಲ. ಇಬ್ಬರೇ ಇದ್ದ ಕಿರಿಯ ಪ್ರಾಥಮಿಕ ಶಾಲೆಯಿಂದ ಇಬ್ಬರೂ ಹೊರಟರೆ ಅದು ಕಾಗದದ ಮೇಲೆ ಶೂನ್ಯ ಶಿಕ್ಷಕರ ಶಾಲೆ. ಆಗ ಬದಲಿ ಬರುವವರೆಗೆ ಬಿಡುಗಡೆ ಇಲ್ಲ ಎನ್ನುತ್ತಾರೆ, ಇಲ್ಲವೇ ಪಕ್ಕದ ಊರಿನವರನ್ನು ವಾರಕ್ಕೆ ಮೂರು ದಿನದ ಲೆಕ್ಕದಲ್ಲಿ ನಿಯೋಜಿಸುತ್ತಾರೆ. ಆದೇಶ ಕೈಯಲ್ಲಿದ್ದೂ ಬಿಡುಗಡೆಯಾಗದೆ ಕೂತ ಶಿಕ್ಷಕರ ಮನಸ್ಸು ಅಷ್ಟು ಹೊತ್ತಿಗೆ ಆ ಶಾಲೆಯಲ್ಲಿ ಇರುವುದಿಲ್ಲ.

ಹಾಗಾದರೆ ವರ್ಗಾವಣೆಯನ್ನೇ ನಿಲ್ಲಿಸಬೇಕೆ? 2020ರ ರಾಷ್ಟ್ರೀಯ ಶಿಕ್ಷಣ ನೀತಿ ವಿಪರೀತ ವರ್ಗಾವಣೆಯನ್ನು ಹಾನಿಕಾರಕ ಎಂದೇ ಕರೆದು, ಅದು ನಿಲ್ಲಬೇಕೆಂದು ಹೇಳಿದೆ. ಶಿಕ್ಷಕರ ಕಡೆಯಿಂದ ಬರುವ ಆಕ್ಷೇಪವನ್ನು ಇಲ್ಲಿ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಗಂಡ ಶಿವಮೊಗ್ಗದಲ್ಲಿ, ಹೆಂಡತಿ ಯಾದಗಿರಿಯಲ್ಲಿ, ಮಗು ಅಜ್ಜಿಯ ಮನೆಯಲ್ಲಿ ಎಂಬ ಸಂಸಾರಗಳು ಈ ಇಲಾಖೆಯಲ್ಲಿ ಬೇಕಾದಷ್ಟಿವೆ. ಪ್ರಾಥಮಿಕ ಶಾಲೆಗಳಲ್ಲಿ ಮಹಿಳೆಯರ ಸಂಖ್ಯೆ ದೊಡ್ಡದು. ಬಸ್ಸು ದಿನಕ್ಕೆರಡೇ ಬಾರಿ ಬರುವ, ಬಾಡಿಗೆ ಮನೆಯೇ ಸಿಗದ ಊರಿನಲ್ಲಿ ಒಂಟಿಯಾಗಿರಬೇಕಾದ ಶಿಕ್ಷಕಿಗೆ ಉಳಿಕೆಯ ಪಾಠ ಹೇಳುವುದು ಸುಲಭ, ಅಲ್ಲಿ ಉಳಿಯುವುದು ಕಷ್ಟ. ಬಲವಂತದ ಫಲವೇನೆಂದು ಕರ್ನಾಟಕ ಒಮ್ಮೆ ಕಂಡಿದೆ. ಎ ವಲಯದಲ್ಲಿ ದೀರ್ಘಕಾಲ ಇದ್ದವರನ್ನು ಕಡ್ಡಾಯವಾಗಿ ಹೊರಕಳಿಸಿದ 2019ರ ಪ್ರಕ್ರಿಯೆ ಎಬ್ಬಿಸಿದ ಅಸಮಾಧಾನ ಎಷ್ಟಿತ್ತೆಂದರೆ ಸರ್ಕಾರ ಮರುವರ್ಷವೇ, 2020ರಲ್ಲಿ, ಹೊಸ ಕಾಯ್ದೆ ತರಬೇಕಾಯಿತು. ಬಲವಂತವಾಗಿ ಕಳಿಸುವುದು, ಬಲವಂತವಾಗಿ ಕೂರಿಸುವುದು ಎರಡೂ ಒಂದೇ ಜಾತಿಯ ತಪ್ಪುಗಳು. ವರ್ಗಾವಣೆಯೇ ಕೆಡುಕು ಎನ್ನುವುದಕ್ಕೂ ಆಧಾರವಿಲ್ಲ. ಜಪಾನಿನ ಸಾರ್ವಜನಿಕ ಶಾಲೆಗಳ ಶಿಕ್ಷಕರು ಕೆಲವು ವರ್ಷಗಳಿಗೊಮ್ಮೆ ಶಾಲೆ ಬದಲಿಸುತ್ತಲೇ ಇರುತ್ತಾರೆ. ದಕ್ಷಿಣ ಕೊರಿಯಾದಲ್ಲೂ ಆವರ್ತನೆ ಇದೆ, ದೂರದ ಶಾಲೆಗಳಲ್ಲಿ ದುಡಿದವರಿಗೆ ಬಡ್ತಿಯಲ್ಲಿ ಹೆಚ್ಚಿನ ಅಂಕವಿದೆ. ಅಲ್ಲಿ ಅದು ಸಹ್ಯವಾಗುವುದು ಅವಧಿ ಮೊದಲೇ ಗೊತ್ತಿರುವುದರಿಂದ, ಮತ್ತು ಸಹೋದ್ಯೋಗಿಗಳು ಒಬ್ಬರ ಪಾಠವನ್ನು ಇನ್ನೊಬ್ಬರು ಕೂತು ನೋಡುವ ಪರಿಪಾಠದಿಂದ ಬೋಧನೆಯ ತಿಳಿವಳಿಕೆ ಒಬ್ಬರ ತಲೆಯಲ್ಲೇ ಸಿಕ್ಕಿಕೊಳ್ಳದೆ ಶಾಲೆಯ ಸೊತ್ತಾಗಿರುವುದರಿಂದ. ಒಬ್ಬಿಬ್ಬರೇ ಇರುವ ನಮ್ಮ ಹಳ್ಳಿ ಶಾಲೆಗೆ ಅಂಥ ಸಾಮೂಹಿಕ ನೆನಪು ಇರಲು ಸಾಧ್ಯವೇ ಇಲ್ಲ. ಆದ್ದರಿಂದ ಕೇಳಬೇಕಾದದ್ದು ವರ್ಗಾವಣೆ ಬೇಕೋ ಬೇಡವೋ ಎಂದಲ್ಲ. ಒಂದೇ ಶಾಲೆಯಿಂದ ಒಂದೇ ವರ್ಷ ಎಷ್ಟು ಜನ ಹೊರಡಬಹುದು, ಶೈಕ್ಷಣಿಕ ವರ್ಷದ ನಡುವೆ ಹೊರಡಬಹುದೇ, ನಲಿ-ಕಲಿ ಕೋಣೆಯವರು ಹೊರಟರೆ ಆ ತರಬೇತಿ ಪಡೆದವರೇ ಬರಬೇಕೇ ಎಂದು.

ಉಳಿಕೆಯ ಅತ್ಯಂತ ಗಟ್ಟಿ ಸೂತ್ರ ಸ್ಥಳೀಯತೆ. ನ್ಯೂಯಾರ್ಕ್ ರಾಜ್ಯದ ಶಿಕ್ಷಕರ ಕುರಿತ 2005ರ ಅಧ್ಯಯನವೊಂದರಲ್ಲಿ ಶೇ 61ರಷ್ಟು ಮಂದಿ ತಾವು ಓದಿದ ಹೈಸ್ಕೂಲಿನಿಂದ 15 ಮೈಲಿಯೊಳಗೇ ಮೊದಲ ಕೆಲಸಕ್ಕೆ ಸೇರಿದ್ದರು. ಊರ ಸೆಳೆತ ಅಲ್ಲಿಗೂ ಇಲ್ಲಿಗೂ ಒಂದೇ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳ ಕಲ್ಯಾಣ ಕರ್ನಾಟಕದಲ್ಲಿ ದಕ್ಷಿಣದಿಂದ ಬಂದವರು ಕನಿಷ್ಠ ಸೇವಾವಧಿ ಮುಗಿಯುವುದನ್ನೇ ಕಾಯುತ್ತಿದ್ದರೆಂಬುದು ಹಳೆಯ ದೂರು. 2012ರ 98ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371ಜೆ ವಿಧಿಯಡಿ ಅಲ್ಲಿನ, ಶಿಕ್ಷಕರೂ ಸೇರುವ ಸಿ ಗುಂಪಿನ ಹುದ್ದೆಗಳಲ್ಲಿ ಶೇ 80ರಷ್ಟು ಸ್ಥಳೀಯರಿಗೆ ಮೀಸಲಾದವು. ಈ ವಿಧಿಯನ್ನು ಸಾಮಾನ್ಯವಾಗಿ ಉದ್ಯೋಗ ನ್ಯಾಯದ ಕಣ್ಣಿನಿಂದ ನೋಡುತ್ತೇವೆ. ಅದು ಕರ್ನಾಟಕದ ಅತಿ ದೊಡ್ಡ ಶಿಕ್ಷಕ ಉಳಿಕೆ ಕ್ರಮವೂ ಹೌದು ಎಂಬುದು ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ. ಸ್ಥಳೀಯ ನೇಮಕಾತಿಗೆ ಎರಡು ಆಕ್ಷೇಪಗಳಿವೆ. ಸ್ಥಳೀಯ ಶಿಕ್ಷಕ ಹೊಲ, ಅಂಗಡಿ, ಪಂಚಾಯಿತಿ ರಾಜಕೀಯಕ್ಕೆ ಅಂಟಿಕೊಳ್ಳುತ್ತಾನೆ ಎನ್ನುವುದು ಒಂದು. ಅದು ಇಲ್ಲದ ಮಾತಲ್ಲ. ಆದರೆ ಪಕ್ಕದ ಹೋಬಳಿಗೆ ನೇಮಿಸಿದರೆ ಊರ ಹತ್ತಿರವೂ ಆಯಿತು, ಊರ ಜಗಳದಿಂದ ದೂರವೂ ಆಯಿತು. ಎರಡನೆಯದು ಹೆಚ್ಚು ಕಠಿಣ: ಮೊದಲೇ ಶಾಲೆಗಳು ಸೊರಗಿದ ಪ್ರದೇಶದಲ್ಲಿ ಅರ್ಹ ಅಭ್ಯರ್ಥಿಗಳೇ ಸಾಲದೆ ಹೋಗಬಹುದು. 2022ರಲ್ಲಿ ಕರೆದ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೆ ಇದ್ದವು. ರಾಜ್ಯದ ಒಟ್ಟು ಆಯ್ಕೆ ಪಟ್ಟಿ 13,363ಕ್ಕೇ ನಿಂತಿತು, ನೇಮಕಾತಿ ನ್ಯಾಯಾಲಯದ ಮೆಟ್ಟಿಲೇರಿ ಮುಂದಿನ ವರ್ಷಕ್ಕೂ ಎಳೆಯಿತು. ಹೀಗೆ ಇಂದಿನ ಕೆಟ್ಟ ಗಣಿತದ ಪಾಠ ಹತ್ತು ವರ್ಷದ ನಂತರ ಗಣಿತ ಶಿಕ್ಷಕರ ಕೊರತೆಯಾಗಿ ಮರಳುತ್ತದೆ.

ದುಡ್ಡು ಕೊಟ್ಟರೆ ಎಲ್ಲರೂ ಉಳಿಯುತ್ತಾರೆ ಎನ್ನುವ ವಾದಕ್ಕೆ ಪುರಾವೆ ಅರೆಬರೆಯಾಗಿದೆ. ಇಂಡೊನೇಷ್ಯಾ 2005ರ ಕಾನೂನಿನ ಮೂಲಕ ಪ್ರಮಾಣೀಕೃತ ಶಿಕ್ಷಕರ ಮೂಲ ವೇತನವನ್ನು ದುಪ್ಪಟ್ಟು ಮಾಡಿತು. 360 ಶಾಲೆಗಳಲ್ಲಿ ಇದನ್ನು ಪರೀಕ್ಷಿಸಿದ ಅಧ್ಯಯನದಲ್ಲಿ ಶಿಕ್ಷಕರ ತೃಪ್ತಿ ಹೆಚ್ಚಿತು, ಎರಡನೇ ಕೆಲಸ ಮಾಡುವುದು ತಗ್ಗಿತು. ಮಕ್ಕಳ ಕಲಿಕೆ ಮಾತ್ರ ಇದ್ದಲ್ಲೇ ಇತ್ತು. ಎಲ್ಲರಿಗೂ ಎಲ್ಲೆಡೆಯೂ ಒಂದೇ ಬಗೆಯಲ್ಲಿ ಕೊಟ್ಟ ಹಣ ಯಾರನ್ನೂ ಯಾವ ಶಾಲೆಗೂ ಕಟ್ಟಿಹಾಕುವುದಿಲ್ಲ. ಗುರಿಯಿಟ್ಟು ಕೊಟ್ಟ ಹಣದ ಕತೆ ಬೇರೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 2001ರಿಂದ 2004ರವರೆಗೆ ಬಡ ಹಾಗೂ ಹಿಂದುಳಿದ ಶಾಲೆಗಳ ಗಣಿತ, ವಿಜ್ಞಾನ ಮತ್ತು ವಿಶೇಷ ಶಿಕ್ಷಣದ ಶಿಕ್ಷಕರಿಗೆ ವರ್ಷಕ್ಕೆ 1,800 ಡಾಲರ್ ಕೊಟ್ಟಾಗ, ಬಿಟ್ಟುಹೋಗುವವರ ಪ್ರಮಾಣ ಸುಮಾರು ಶೇ 17ರಷ್ಟು ಇಳಿಯಿತು. ಆಫ್ರಿಕಾದ ಗ್ಯಾಂಬಿಯಾ 2006ರಿಂದ ದೂರದ ಶಾಲೆಗಳಿಗೆ ವೇತನದ ಶೇ 30ರಿಂದ 40ರಷ್ಟು ಕಷ್ಟಭತ್ಯೆ ಕೊಟ್ಟು ಅರ್ಹ ಶಿಕ್ಷಕರನ್ನು ಅಲ್ಲಿಗೆ ಎಳೆದುಕೊಂಡಿತು. ಕರ್ನಾಟಕದ ಪದ್ಧತಿ ಇದಕ್ಕೆ ನೇರ ವಿರುದ್ಧವಾಗಿದೆ: ಮನೆ ಬಾಡಿಗೆ ಭತ್ಯೆ ನಗರದವರಿಗೆ ಹೆಚ್ಚು, ಹಳ್ಳಿಯವರಿಗೆ ಕಡಿಮೆ. ಬಾಡಿಗೆಯ ದರ ನೋಡಿದರೆ ಅದು ನ್ಯಾಯವೇ. ಆದರೂ ಸಿ ವಲಯದ ಶಿಕ್ಷಕಿಯ ಪಾಲಿಗೆ ದೂರದ ಶಾಲೆಯೆಂದರೆ ಸಂಬಳದ ಚೀಟಿಯಲ್ಲೂ ಒಂದು ಕಡಿತ. ಅಲ್ಲಿ ದುಡಿದದ್ದಕ್ಕೆ ನಮ್ಮ ಕಾಯ್ದೆ ಕೊಡುವ ಬಹುಮಾನ ಯಾವುದು? ಅಲ್ಲಿಂದ ಹೊರಗೆ ಹೋಗಲು ಸಿಗುವ ಆದ್ಯತೆ. ಅಂದರೆ ಇಲಾಖೆಯೇ ಆ ಶಾಲೆಯನ್ನು ದಾಟಿಹೋಗಬೇಕಾದ ತಾಣವೆಂದು ಒಪ್ಪಿಕೊಂಡಂತೆ. ಶಿಕ್ಷಣ ನೀತಿ ಸೂಚಿಸಿದ ಶಾಲೆ ಸಮೀಪದ ವಸತಿ ಈ ವಿಷಯದಲ್ಲಿ ಭತ್ಯೆಗಿಂತ ಹೆಚ್ಚು ಕೆಲಸ ಮಾಡೀತು. ನೀರು, ಶೌಚಾಲಯ, ಭದ್ರವಾದ ಬಾಗಿಲು ಇರುವ ನಾಲ್ಕು ಮನೆಗಳು ಶಾಲೆಗಳ ಒಂದು ಕ್ಲಸ್ಟರಿನ ಸ್ವರೂಪವನ್ನೇ ಬದಲಿಸಬಲ್ಲವು.

ಊರಲ್ಲೇ ಇದ್ದು ತರಗತಿಯಲ್ಲಿಲ್ಲದಿರುವುದು ಉಳಿಕೆಯ ಚರ್ಚೆಯಲ್ಲಿ ಹೆಚ್ಚು ಕಾಣದ ಮಗ್ಗುಲು. ಶಿಕ್ಷಕರು ಶಾಲೆಗೆ ಬರುವುದೇ ಇಲ್ಲ ಎಂಬ ಜನಪ್ರಿಯ ಆರೋಪವನ್ನು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಆರು ರಾಜ್ಯಗಳ 619 ಶಾಲೆಗಳಲ್ಲಿ ಪರಿಶೀಲಿಸಿ 2017ರಲ್ಲಿ ವರದಿ ಕೊಟ್ಟಿತು. ಶಾಲೆಯಲ್ಲಿ ಇಲ್ಲದವರು ಶೇ 18.5, ಆದರೆ ಸಕಾರಣವಿಲ್ಲದೆ ಗೈರಾದವರು ಶೇ 2.5 ಮಾತ್ರ. ಉಳಿದವರು ರಜೆಯಲ್ಲೋ, ತರಬೇತಿಯಲ್ಲೋ, ಇಲಾಖೆಯ ಮತ್ತಾವುದೋ ಕೆಲಸದಲ್ಲೋ ಇದ್ದರು. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಬಳಸಬಾರದೆನ್ನುತ್ತದೆ. ಬಿಟ್ಟುಕೊಟ್ಟ ಆ ಮೂರೇ ಬಾಗಿಲುಗಳು ಸಾಕಷ್ಟು ಅಗಲವಾಗಿವೆ, ಅವುಗಳ ಪಕ್ಕದಲ್ಲಿ ಹೊಸ ಬಾಗಿಲುಗಳೂ ತೆರೆಯುತ್ತವೆ. 2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರೇ ಮನೆಮನೆ ತಿರುಗಿದರು. ಅದು ಮುಗಿಯದಿದ್ದಾಗ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಸಮೀಕ್ಷೆಯ ಅಗತ್ಯವನ್ನು ಒಪ್ಪುವವರೂ ಅದಕ್ಕೆ ಕಳೆದುಹೋದ ಪಾಠದ ದಿನಗಳ ಲೆಕ್ಕವನ್ನು ಕೇಳಬಹುದು. ಇದಕ್ಕೆ ಬಿಸಿಯೂಟದ ದಾಸ್ತಾನು ವಹಿ, ಮೊಟ್ಟೆಯ ಲೆಕ್ಕ, ವಿದ್ಯಾರ್ಥಿ ಮಾಹಿತಿಯ ಎಸ್‌ಎಟಿಎಸ್ ಜಾಲತಾಣದ ನಮೂದು, ಮತಗಟ್ಟೆ ಅಧಿಕಾರಿಯ ಪಟ್ಟಿ ಸೇರಿಸಿ. ಇನ್ನೊಂದು ಸೋಜಿಗವೂ ಇದೆ. ಕ್ಲಸ್ಟರ್ ಮತ್ತು ಬ್ಲಾಕ್ ಮಟ್ಟದ ಸಂಪನ್ಮೂಲ ವ್ಯಕ್ತಿಗಳ (ಸಿಆರ್‌ಪಿ, ಬಿಆರ್‌ಪಿ) ಹುದ್ದೆಗಳಿಗೆ ಪರೀಕ್ಷೆ ನಡೆಸಿ ಶಿಕ್ಷಕರಲ್ಲಿ ಚುರುಕಾದವರನ್ನು ಆರಿಸುತ್ತಾರೆ. ಆರಿಸಿದ ಕೂಡಲೇ ಅವರು ಮಕ್ಕಳಿಂದ ದೂರವಾಗುತ್ತಾರೆ. ನಮ್ಮಲ್ಲಿ ಚೆನ್ನಾಗಿ ಕಲಿಸುವವರಿಗೆ ಸಿಗುವ ಗೌರವವೆಂದರೆ ಕಲಿಸುವುದರಿಂದ ಬಿಡುಗಡೆ. ತರಗತಿಯಲ್ಲೇ ಇದ್ದು ಮೇಲೇರುವ ಹಾದಿ ಇಲ್ಲ. 1ರಿಂದ 7ನೇ ತರಗತಿಗೆಂದು ನೇಮಕಗೊಂಡಿದ್ದ ಪದವೀಧರರನ್ನು 1ರಿಂದ 5ಕ್ಕೆ ಸೀಮಿತಗೊಳಿಸಿದ 2017ರ ವೃಂದ ಮತ್ತು ನೇಮಕಾತಿ ನಿಯಮದ ವಿರುದ್ಧ ಶಿಕ್ಷಕರು ಬೀದಿಗಿಳಿದದ್ದಕ್ಕೆ ಈ ಇಕ್ಕಟ್ಟೇ ಮೂಲ.

ಸಮರ್ಥರು ಯಾರೆಂದು ತೀರ್ಮಾನಿಸುವವರು ಯಾರು ಎಂಬ ಆಕ್ಷೇಪ ಉಳಿಯಿತು. ಅಮೆರಿಕದ ಟಿಎನ್‌ಟಿಪಿ ಸಂಸ್ಥೆ 2012ರ ವರದಿಯಲ್ಲಿ, ಹಿಂದುಳಿದ ಶಾಲೆಯಿಂದ ಅತ್ಯುತ್ತಮ ಶಿಕ್ಷಕರೊಬ್ಬರು ಹೋದರೆ ಅಷ್ಟೇ ಗುಣದ ಇನ್ನೊಬ್ಬರು ಸಿಗಲು ಹನ್ನೊಂದು ನೇಮಕಾತಿ ಬೇಕಾದೀತೆಂದು ಲೆಕ್ಕ ಹಾಕಿತು. ಆ ಲೆಕ್ಕ ನಿಂತಿರುವುದು ಮಕ್ಕಳ ಅಂಕಗಳಿಂದ ಶಿಕ್ಷಕರನ್ನು ಅಳೆಯುವ ವಿಧಾನದ ಮೇಲೆ, ಆ ವಿಧಾನ ಅಲ್ಲಿಯೇ ವಿವಾದಿತ. ನಮ್ಮಲ್ಲಿ ಒಬ್ಬರೇ ಶಿಕ್ಷಕರು ಐದು ತರಗತಿಗೆ ಪಾಠ ಮಾಡುವಾಗ ಅದು ಅರ್ಥಹೀನವೂ ಹೌದು. ಊರಿನ ಜನಕ್ಕೆ ಒಂದು ಅಂದಾಜು ಇರುತ್ತದೆ. ಕೆಲವು ಶಿಕ್ಷಕರು ಹೊರಟ ದಿನ ಮಕ್ಕಳು ಅತ್ತು ದಾರಿಗಡ್ಡ ನಿಲ್ಲುತ್ತಾರೆ, ಊರವರು ಮೆರವಣಿಗೆ ಮಾಡಿ ಬೀಳ್ಕೊಡುತ್ತಾರೆ. ಕೆಲವರು ಹೊರಟದ್ದು ಮರುದಿನವೂ ಯಾರಿಗೂ ತಿಳಿದಿರುವುದಿಲ್ಲ. ಈ ಜನಪ್ರಿಯತೆ ಬೋಧನೆಯ ಅಳತೆಗೋಲಲ್ಲ. ಆದರೆ ಒಬ್ಬೊಬ್ಬರನ್ನೇ ಗುರುತಿಸದೆಯೂ ಕೆಲಸ ನಡೆಯುತ್ತದೆ ಎನ್ನುವುದಕ್ಕೆ ಮ್ಯಾಥ್ಯೂ ಕ್ರಾಫ್ಟ್ ಮತ್ತು ಜಾನ್ ಪೇಪೆ ಅವರ 2014ರ ಅಧ್ಯಯನ ಆಧಾರ ಕೊಡುತ್ತದೆ: ಸಹಕಾರ, ಶಿಸ್ತು, ಒಳ್ಳೆಯ ಮುಖ್ಯಸ್ಥರು ಇರುವ ಶಾಲೆಗಳಲ್ಲಿ ಶಿಕ್ಷಕರು ಹತ್ತು ವರ್ಷಗಳುದ್ದಕ್ಕೂ ಹೆಚ್ಚು ಸುಧಾರಿಸುತ್ತ ಹೋದರು. ಸಾಮರ್ಥ್ಯ ಎನ್ನುವುದು ಶಿಕ್ಷಕರು ಜೇಬಿನಲ್ಲಿಟ್ಟುಕೊಂಡು ಬರುವ ವಸ್ತುವಲ್ಲ, ಅದು ಒಳ್ಳೆಯ ಶಾಲೆಯಲ್ಲಿ ಬೆಳೆಯುತ್ತದೆ. ಹಾಗಿದ್ದರೆ ಪ್ರಭಾರ ಮುಖ್ಯ ಶಿಕ್ಷಕರ ಕೈಯಲ್ಲಿ ವರ್ಷಗಟ್ಟಲೆ ನಡೆಯುವ ಶಾಲೆಗೆ ಕಾಯಂ ಮುಖ್ಯಸ್ಥರನ್ನು ಕೊಡುವುದೇ ಉಳಿಕೆಯ ಕ್ರಮ. ಎಲ್ಲರನ್ನೂ ಉಳಿಸಿದರೆ ಕೆಲಸಗೇಡಿಗಳೂ ಉಳಿಯುತ್ತಾರಲ್ಲ ಎಂಬ ಮಾತಿಗೂ ಇಲ್ಲೇ ಉತ್ತರವಿದೆ: ಇಂದಿನ ವ್ಯವಸ್ಥೆ ಅವರನ್ನು ತೆಗೆಯುತ್ತಿಲ್ಲ, ಒಂದೂರಿನಿಂದ ಇನ್ನೊಂದೂರಿಗೆ ಸಾಗಿಸುತ್ತಿದೆ, ಅಷ್ಟೆ.

ಖಾಲಿ ಜಾಗ ತುಂಬುವ ಅತಿಥಿ ಶಿಕ್ಷಕರ ವಿಷಯ ಇದಕ್ಕೆ ಹೊಂದಿಕೊಂಡದ್ದು. ಜೂನಿನಲ್ಲಿ ಬಂದು ಶೈಕ್ಷಣಿಕ ವರ್ಷದ ಕೊನೆಗೆ ಕಳಚಿಕೊಳ್ಳುವ ಇವರಲ್ಲಿ ಹಲವರು ಅದೇ ಊರಿನವರು, ಐದಾರು ವರ್ಷ ಅದೇ ಶಾಲೆಗೆ ಮರಳಿ ಬಂದವರು. ಮಕ್ಕಳ ಮಟ್ಟಿಗೆ ಕಾಯಂ ಶಿಕ್ಷಕರಿಗಿಂತ ಇವರೇ ಹೆಚ್ಚು ಕಾಯಂ. ಕಾಯಂ ಶಿಕ್ಷಕರ ವೇತನದ ಒಂದು ಸಣ್ಣ ಪಾಲಷ್ಟೇ ಆಗುವ ಗೌರವಧನದಲ್ಲಿ, ಪ್ರತಿ ಬೇಸಿಗೆಯಲ್ಲೂ ಆದಾಯವಿಲ್ಲದೆ ಇವರು ಹಿಡಿದಿಟ್ಟ ನಿರಂತರತೆಗೆ ನೇಮಕಾತಿಯಲ್ಲಿ ಸಿಗುವ ಬೆಲೆ ಅತ್ಯಲ್ಪ. ಇನ್ನೊಂದು ಸುಳಿ ಮಕ್ಕಳ ಸಂಖ್ಯೆಯದು. ಮೆಚ್ಚಿನ ಶಿಕ್ಷಕಿ ಹೋದ ಮೇಲೆ ಪೋಷಕರು ಹಳದಿ ಬಣ್ಣದ ವ್ಯಾನು ಬರುವ ಖಾಸಗಿ ಶಾಲೆಯತ್ತ ನೋಡುತ್ತಾರೆ, ದಾಖಲಾತಿ ಇಳಿಯುತ್ತದೆ, ವಿದ್ಯಾರ್ಥಿ-ಶಿಕ್ಷಕ ಅನುಪಾತದ ಪ್ರಕಾರ ಉಳಿದವರಲ್ಲೊಬ್ಬರು ಹೆಚ್ಚುವರಿ ಎಂದು ಗುರುತಾಗಿ ಬೇರೆಡೆಗೆ ಹೋಗುತ್ತಾರೆ, ದಾಖಲಾತಿ ಮತ್ತೆ ಇಳಿಯುತ್ತದೆ.

ಈ ಸುಳಿ ಇಲಾಖೆಯ ಅಂಕಿಅಂಶದಲ್ಲಿ ಕಾಣದಿರುವುದಕ್ಕೆ ಅಳತೆಯ ಬಗೆಯೇ ಕಾರಣ. ಎಂಟು ವರ್ಷದಿಂದ ಅದೇ ಇಬ್ಬರು ಶಿಕ್ಷಕರಿರುವ ಶಾಲೆ, ಎಂಟು ವರ್ಷದಲ್ಲಿ ಏಳು ಜನ ಬಂದುಹೋಗಿ ಇಂದು ಇಬ್ಬರಿರುವ ಶಾಲೆ, ಅನುಪಾತದ ಪಟ್ಟಿಯಲ್ಲಿ ಎರಡೂ ಒಂದೇ. ಖಾಲಿ ಹುದ್ದೆ ಎಷ್ಟು, ಮಂಜೂರಾದದ್ದೆಷ್ಟು ಎಂದು ವಿಧಾನಮಂಡಲದಲ್ಲಿ ಪ್ರಶ್ನೆ ಕೇಳುತ್ತಾರೆ, ಉತ್ತರವೂ ಸಿಗುತ್ತದೆ. ಒಂದನೇ ತರಗತಿಗೆ ಸೇರಿದ ಮಗು ಐದು ಮುಗಿಸುವ ಹೊತ್ತಿಗೆ ಅದಕ್ಕೆ ಎಷ್ಟು ಜನ ಶಿಕ್ಷಕರು ಬದಲಾದರು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಉತ್ತರಿಸುವುದು ಕಷ್ಟವೇನಲ್ಲ: ಪ್ರತಿ ಶಿಕ್ಷಕರೂ ಈಗಿನ ಶಾಲೆಗೆ ಹಾಜರಾದ ದಿನಾಂಕ ಸೇವಾ ಪುಸ್ತಕದಲ್ಲಿ ಇದ್ದೇ ಇದೆ.